ಏಳೂವರೆಗೆ ಆರು ತಿಂಗಳು ಕಡಿಮೆ

ಗಾಂಧಿ ಬಜಾರಿನ ಹೋಟೆಲಿನಲ್ಲಿ ನಾಲ್ವರು ಗೆಳೆಯರು ಎರಡು ಬೈ-ಟು ಕಾಫಿ ಹೇಳಿ ಕುಳಿತಿದ್ದರು. ಸುಬ್ಬು ಮೇಜಿನ ಮೇಲಿನ ನೀರನ್ನು ತನ್ನ ಕರವಸ್ತ್ರದಿಂದಲೇ ಒರೆಸಿ, ಹೊಸ ಆಂಡ್ರಾಯ್ಡ್ ಫೋನನ್ನು ಪ್ರತಿಷ್ಠಾಪಿಸಿದ.

"ಏಳು ವರ್ಷ ಅಪ್‌ಡೇಟ್ ಬರುತ್ತದೆ ಶೀನಣ್ಣ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ ಮಾತು ಕೊಟ್ಟಿತು, ಮರುವರ್ಷ ಸ್ಯಾಮ್‌ಸಂಗ್ ಎಸ್24ಕ್ಕೆ ಕೊಟ್ಟಿತು."

"ಏಳು ವರ್ಷವೇ? ಶನಿಮಹಾತ್ಮನಿಗಿಂತ ಆರೇ ತಿಂಗಳು ಕಡಿಮೆ" ಎಂದರು ಶೀನಣ್ಣ.

ಗುಂಡು ಐಫೋನಿನವನು. "ನಮ್ಮವರು ಆಡಿ ತೋರಿಸುವುದಿಲ್ಲ, ಮಾಡಿ ತೋರಿಸುತ್ತಾರೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತೆಯ ತೇಪೆ ಬಂದಿತ್ತು" ಎಂದ.

"ಹಾಗಾದರೆ ನಿನ್ನದು ಅವಧಿ ಮುಗಿದರೂ ಮನೆ ಖಾಲಿ ಮಾಡದ ಶನಿ. ನೋಡಯ್ಯಾ, ಸಾಡೇಸಾತಿಗೆ ಎರಡೂವರೆ ವರ್ಷದ ಮೂರು ಕಂತು. ಮೊದಲ ಕಂತಿನಲ್ಲಿ, ಅಪ್‌ಡೇಟ್ ಬಂದಾಗಲೆಲ್ಲ ನಿನ್ನೆಯಿದ್ದ ಗುಂಡಿ ಇಂದು ಬೇರೆ ಕಡೆ ವಲಸೆ ಹೋಗಿರುತ್ತದೆ. ಎರಡನೆಯದರಲ್ಲಿ ಫೋನಿನೊಳಗೆ ಜಾಗ ಸಾಲದೆ ಮೊಮ್ಮಕ್ಕಳ ಫೋಟೋ ಅಳಿಸಬೇಕಾಗುತ್ತದೆ. ಮೂರನೆಯದು ಬ್ಯಾಟರಿಗೆ. ಲಿಥಿಯಂ ಬ್ಯಾಟರಿ ತುಂಬಿ ಬರಿದಾದಷ್ಟೂ ಸವೆಯುತ್ತದೆ, ಅದಕ್ಕೆ ಯಾವ ಅಪ್‌ಡೇಟೂ ಆಯುಸ್ಸು ಕೊಡಲಾರದು."

"ನಮ್ಮಲ್ಲಿ ಫೋನೂ ಅದನ್ನು ನಡೆಸುವ ತಂತ್ರಾಂಶ ಐಒಎಸ್ಸೂ ಒಂದೇ ಮನೆಯವು. ಚಿಕ್ಕ ಬ್ಯಾಟರಿಯಲ್ಲೇ ದಿನ ದೂಡುತ್ತವೆ."

"ಆ ಮನೆಯವರೇ ತಾನೆ, ಹಳೆಯ ಬ್ಯಾಟರಿಯ ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ಸದ್ದಿಲ್ಲದೆ ಅದರ ವೇಗ ತಗ್ಗಿಸಿ, 2017ರಲ್ಲಿ ಸಿಕ್ಕಿಬಿದ್ದು ಕ್ಷಮೆ ಕೇಳಿದವರು? ಜಾರಿ ಬಿದ್ದಾನೆಂದು ಮುದುಕನಿಗೆ ಹೇಳದೆ ಅವನ ಕಾಲಿಗೆ ಹಗ್ಗ ಕಟ್ಟಿದ ಹಾಗಾಯಿತು."

ಗುಂಡು ಭದ್ರತೆಯ ಕಡೆಗೆ ಜಾರಿದ. ಸುಬ್ಬುವಿನ ಷಡ್ಡಕ, ಮದುವೆಯ ಕರೆಯೋಲೆಯೆಂದು ಬಂದ, ಆಂಡ್ರಾಯ್ಡ್ ಫೋನಿಗೆ ಆ್ಯಪ್ ಇಳಿಸುವ ಎಪಿಕೆ ಕಡತವನ್ನು ಒತ್ತಿ ಹಣ ಕಳೆದುಕೊಂಡದ್ದನ್ನು ನೆನಪಿಸಿ, ಐಫೋನಿನಲ್ಲಿ ಅಂಥದ್ದು ಹೊಸ್ತಿಲು ದಾಟುವುದೇ ಇಲ್ಲವೆಂದ.

"ಆಂಡ್ರಾಯ್ಡ್ ಕೂಡ ಎಚ್ಚರಿಸಿಯೇ ಒಳಗೆ ಬಿಡುತ್ತದೆ. ಆದರೆ ಮದುವೆ ಊಟವೆಂದ ಮೇಲೆ ಎಚ್ಚರಿಕೆ ಓದುವವರು ಯಾರು? ಇನ್ನು ಒಟಿಪಿಯನ್ನು ಬಾಯಾರೆ ಒಪ್ಪಿಸುವವನಿಗೆ ಇಬ್ಬರ ಫೋನೂ ಒಂದೇ" ಎಂದರು ಶೀನಣ್ಣ.

ಅಷ್ಟು ಹೊತ್ತೂ ಮಾತಾಡದೆ ಕುಳಿತಿದ್ದ ರಾಯರ ಫೋನಿನ ಮೇಲೆ ಗುಂಡುವಿನ ಕಣ್ಣು ಬಿತ್ತು. "ಏನು ರಾಯರೇ, ಮೂರು ವಾರದಿಂದ ಅಪ್‌ಡೇಟ್ ಕಾಯುತ್ತಿದೆಯಲ್ಲ! ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ."

ರಾಯರು ಲೋಟದ ತಳದಲ್ಲಿದ್ದ ನೊರೆಯನ್ನು ನೋಡುತ್ತ ಹೇಳಿದರು: "ಅಮೆರಿಕದಿಂದ ಮಗ ಭಾನುವಾರ ಫೋನ್ ಮಾಡುತ್ತಾನೆ. ಊಟ, ಮಾತ್ರೆ ವಿಚಾರಿಸಿದ ಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಅಪ್‌ಡೇಟ್ ಗೊತ್ತಾಗಲಿಲ್ಲವೆಂದರೆ ಮಾತ್ರ ಮುಕ್ಕಾಲು ಗಂಟೆ ಕುಳಿತು ಹೇಳಿಕೊಡುತ್ತಾನೆ. ತಿಂಗಳಿಗೆ ಒಂದೇ ಬರುವುದು. ಅದನ್ನೇ ನಾಲ್ಕು ಭಾನುವಾರ ಕಲಿಯುತ್ತೇನೆ."

ಸುಬ್ಬು ಸಹಾಯ ಮಾಡಲೆಂದು ಆಗಲೇ ಕೈ ಚಾಚಿದ್ದ. ಶೀನಣ್ಣ ಆ ಕೈಯನ್ನು ತಟ್ಟಿ ಸರಿಸಿ, ಫೋನನ್ನು ರಾಯರ ಕಡೆಗೆ ನೂಕಿದರು.

"ನಾಳೆ ಭಾನುವಾರ ರಾಯರೇ. ಇವರ ಮಾತು ಕೇಳಿ ಇವತ್ತೇ ಮಾಡಿಬಿಟ್ಟೀರಿ, ಜೋಕೆ. ಚಾರ್ಜು ಮಾತ್ರ ತುಂಬಿಸಿಟ್ಟುಕೊಳ್ಳಿ."