ಸಹಾಯ ಬೇಕು: ಸಿಒಪಿಡಿ ಉಲ್ಬಣಿಸಿದ ಮೇಲೆ ನಡೆಯಲು ಹೆದರುವ ಅಪ್ಪ
ಅಪ್ಪನಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಈಚೆಗೆ ಉಬ್ಬಸ ಜಾಸ್ತಿಯಾಗಿ ಆಸ್ಪತ್ರೆ ಸೇರಿದ್ದರು, ಈಗ ಮನೆಗೆ ಬಂದಿದ್ದಾರೆ. 4 ವಾರದೊಳಗೆ ಪಲ್ಮನರಿ ರಿಹ್ಯಾಬ್ (ಶ್ವಾಸಕೋಶದ ಕಾಯಿಲೆ ಇರುವವರಿಗೆ ಕೊಡುವ ವ್ಯಾಯಾಮ ಮತ್ತು ಉಸಿರಾಟದ ತರಬೇತಿ) ಶುರುಮಾಡಿದರೆ ಮತ್ತೆ ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆ ಎಂದು ಡಾಕ್ಟರ್ ಹೇಳಿದ್ದಾರೆ. ಹಾಳಾದ ಶ್ವಾಸಕೋಶ ವ್ಯಾಯಾಮದಿಂದ ಸರಿಹೋಗುವುದಿಲ್ಲ, ನಿಜ. ಆದರೆ ಕಾಲಿಗೆ ಬಲ ಬಂದರೆ ಅಷ್ಟೇ ದೂರ ನಡೆಯಲು ಕಡಿಮೆ ಉಸಿರು ಸಾಕಾಗುತ್ತದೆ ಅಲ್ವಾ? ಅಪ್ಪನಿಗೆ ಇದನ್ನು ಒಪ್ಪಿಸುವುದೇ ಕಷ್ಟ. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ, ಹೆದರಿ ಕೂತುಬಿಡುತ್ತಾರೆ. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಫಿಸಿಯೋಥೆರಪಿಸ್ಟ್ ಕಲಿಸಿದ್ದಾರೆ. ಗಾಬರಿಯಲ್ಲಿ ಅದೂ ಮರೆತುಹೋಗುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ಈ ಹಂತ ದಾಟಿದ್ದರೆ ದಯವಿಟ್ಟು ಹೇಳಿ. ಆ ಭಯ ಹೇಗೆ ಕಡಿಮೆಯಾಯಿತು? ಕೂತು ಮಾಡುವ ವ್ಯಾಯಾಮದಿಂದ ಶುರುಮಾಡಿದಿರಾ? ಔಷಧಿ ಸಲಹೆ ಬೇಡ, ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಿದ್ದಾರೆ.