ಹಿಮನದಿಯ ತಳದಲ್ಲಿ ನೀರೋ, ನೀರು ಕುಡಿದ ಕೆಸರೋ? ಸೈಸ್ಮಿಕ್ ದಾಖಲೆಯಲ್ಲಿ ಗುರುತಿಸೋದು ಹೇಗೆ?

ಪ್ರಶ್ನೆ:
ತರಂಗದ ಮೂಲ: ಪ್ಲೇಟಿನ ಮೇಲೆ ಸುತ್ತಿಗೆ ಏಟು. ಕಂಪನ ಹಿಡಿಯೋಕೆ 28 ಹರ್ಟ್ಸ್‌ನ 24 ಜಿಯೋಫೋನ್ (ನೆಲದ ಕಂಪನದ ಸಂವೇದಕ), 10 ಮೀ ಅಂತರ. ತಳದ ಪ್ರತಿಫಲನ 158 ಮಿಲಿಸೆಕೆಂಡಿಗೆ ಬರುತ್ತಿದೆ. ಪಿ ತರಂಗದ (ಒತ್ತಡದ ಅಲೆ) ವೇಗ ಸೆಕೆಂಡಿಗೆ 3800 ಮೀ ಅಂತ ಹಿಡಿದರೆ ಮಂಜುಗಡ್ಡೆಯ ದಪ್ಪ 300 ಮೀ. ತಳಕ್ಕೆ ಹೋಗದೆ ಸೀದಾ ಬಂದ ನೇರ ತರಂಗದ ಪಕ್ಕ ಇಟ್ಟು ನೋಡಿದರೆ ಪ್ರತಿಫಲನ ತಲೆಕೆಳಗಾಗಿದೆ. ನೀರು ಅನ್ನಬಹುದಾ?

ಉತ್ತರ 1:
ಅಷ್ಟಕ್ಕೇ ಅನ್ನೋಕಾಗಲ್ಲ. ಪ್ರತಿಫಲನ ಗುಣಾಂಕ (ತಳಕ್ಕೆ ಬಡಿದ ಅಲೆಯಲ್ಲಿ ಎಷ್ಟು ಪಾಲು, ಯಾವ ಚಿಹ್ನೆಯಲ್ಲಿ ಮರಳುತ್ತದೆ ಅನ್ನೋದು) ನೀರಿಗೆ ಸುಮಾರು -0.4, ನೀರು ಕುಡಿದ ಸಡಿಲ ಕೆಸರಿಗೂ ಋಣವೇ, ಆದರೆ ಸೊನ್ನೆಯ ಹತ್ತಿರ. ಗಟ್ಟಿ ಬಂಡೆಗೆ ಧನ, 0.5ರ ಆಸುಪಾಸು. ಹಾಗಾಗಿ ಚಿಹ್ನೆಗಿಂತ ಗಾತ್ರ ಮುಖ್ಯ.

ಇನ್ನೊಂದು, ಸುತ್ತಿಗೆ ಏಟಿನಲ್ಲಿ ನೇರ ಪಿ ತರಂಗ ಲಂಬ ಜಿಯೋಫೋನಿಗೆ ಸರಿಯಾಗಿ ಸಿಗೋದೇ ಇಲ್ಲ. ಅದರ ಪೋಲಾರಿಟಿ (ಅಲೆ ನೆಟ್ಟಗೋ ತಲೆಕೆಳಗೋ ಅನ್ನೋದು) ನಂಬಬೇಡಿ. 316 ಮಿಲಿಸೆಕೆಂಡಿನಲ್ಲಿ ತಳಕ್ಕೆ ಎರಡು ಸಲ ಬಡಿದು ಬಂದ ಮಲ್ಟಿಪಲ್ ಹುಡುಕಿ. ಮೇಲ್ಮೈ ತಾನೇ ಒಮ್ಮೆ ಚಿಹ್ನೆ ತಿರುಗಿಸುತ್ತದೆ. ಆದ್ದರಿಂದ ತಳದಲ್ಲಿ ನೀರಿದ್ದರೆ ಮೊದಲ ಪ್ರತಿಫಲನ, ಮಲ್ಟಿಪಲ್ ಎರಡೂ ಒಂದೇ ಪೋಲಾರಿಟಿ, ಬಂಡೆಯಾದರೆ ವಿರುದ್ಧ. ಮಲ್ಟಿಪಲ್‌ನ ಆಂಪ್ಲಿಟ್ಯೂಡನ್ನು (ಅಲೆಯ ಎತ್ತರ) ಮೊದಲನೆಯದರಿಂದ ಭಾಗಿಸಿ 2ರಿಂದ ಗುಣಿಸಿದರೆ ಗುಣಾಂಕದ ಗಾತ್ರ ಸಿಗುತ್ತದೆ. ಮಂಜುಗಡ್ಡೆ ಹೀರಿಕೊಂಡಿದ್ದನ್ನು ಸರಿಪಡಿಸದಿದ್ದರೆ ಉತ್ತರ ಕಡಿಮೆ ಬರುತ್ತದೆ, ಕರಗುವ ಬಿಂದುವಿನ ಹತ್ತಿರದ ಮಂಜುಗಡ್ಡೆಯಲ್ಲಂತೂ ತುಂಬಾನೇ. ಸುತ್ತಿಗೆಯಿಂದ 200 ಮೀ ದಾಟಿದ ಜಿಯೋಫೋನ್‌ಗಳ ದಾಖಲೆ ಬಿಡಿ, ಅಲ್ಲಿ ಮೇಲ್ಮೈ ತರಂಗದ ಬಾಲ ಬಂದು ಬೆರೆಯುತ್ತದೆ. ಎಜಿಸಿ (ದುರ್ಬಲ ಸಂಕೇತವನ್ನು ತಾನಾಗಿ ಹಿಗ್ಗಿಸಿ ಎಲ್ಲವನ್ನೂ ಸಮ ಮಾಡುವ ಸಂಸ್ಕರಣೆ) ಹಾಕಿದ್ದೀರಾ?

ಪ್ರಶ್ನೆ ಕೇಳಿದವರು:
ಹಾಕಿದ್ದೆ.

ಉತ್ತರ 1:
ಹಾಗಾದರೆ ಆ ಆಂಪ್ಲಿಟ್ಯೂಡ್‌ಗಳಿಗೆ ಅರ್ಥವಿಲ್ಲ. ಕಚ್ಚಾ ದಾಖಲೆಯಿಂದ ಮತ್ತೆ ಶುರು ಮಾಡಿ.

ಉತ್ತರ 2:
ನೀರಿನ ದಪ್ಪ ಬೇಕಿದ್ದರೆ: ನೀರಲ್ಲಿ ವೇಗ ಸೆಕೆಂಡಿಗೆ ಸುಮಾರು 1450 ಮೀ, 100 ಹರ್ಟ್ಸ್‌ಗೆ ತರಂಗಾಂತರ 14.5 ಮೀ. ಅದರ ಕಾಲು ಭಾಗಕ್ಕಿಂತ, ಅಂದರೆ ಸುಮಾರು 3.6 ಮೀಗಿಂತ ತೆಳುವಾದ ಪದರದಲ್ಲಿ ಮೇಲಿನ ಋಣ, ಕೆಳಗಿನ ಧನ ಪ್ರತಿಫಲನಗಳು ಕಲಸಿಹೋಗುತ್ತವೆ. ಅಂಟಾರ್ಕ್ಟಿಕಾದಲ್ಲಿ ಮಂಜುಗಡ್ಡೆಯಡಿ ಇರುವ ಎಲ್ಸ್‌ವರ್ತ್ ಸರೋವರದ ಆಳ 150 ಮೀ ದಾಟುತ್ತದೆ, ಅಲ್ಲಿ ಈ ತೊಂದರೆ ಇಲ್ಲ. ಅಂಥದ್ದೇ ವಿಲನ್ಸ್ ಸರೋವರಕ್ಕೆ 2013ರಲ್ಲಿ ಸುಮಾರು 800 ಮೀ ಕೊರೆದು ಇಳಿದಾಗ ಸಿಕ್ಕಿದ್ದು 2 ಮೀ ಚಿಲ್ಲರೆ ನೀರು, ಆ 3.6 ಮೀಗಿಂತ ತೆಳು.

ಉತ್ತರ 3:
ಹರಿಯುವ ನೀರಾದರೆ ಸುತ್ತಿಗೆಯೇ ಬೇಡ, ಸುಮ್ಮನೆ ಕಿವಿಗೊಟ್ಟರೆ ಸಾಕು. ತಳದ ಕಾಲುವೆಗಳ ಕಂಪನ ಹೆಚ್ಚಾಗಿ 1.5ರಿಂದ 10 ಹರ್ಟ್ಸ್‌ನಲ್ಲಿ ಕಾಣುತ್ತದೆ, 28 ಹರ್ಟ್ಸ್‌ಗಿಂತ ತುಂಬಾ ಕೆಳಗಿನದು ನಿಮ್ಮ 28 ಹರ್ಟ್ಸ್ ಜಿಯೋಫೋನಿಗೆ ದಕ್ಕಲ್ಲ. 4.5 ಹರ್ಟ್ಸ್‌ನದು ಅಥವಾ ಬ್ರಾಡ್‌ಬ್ಯಾಂಡ್ (ವಿಶಾಲ ವ್ಯಾಪ್ತಿಯ ಕಂಪನ ಹಿಡಿಯುವ) ಸಂವೇದಕ ತನ್ನಿ. ಅರ್ಧ ಮೀಟರಾದರೂ ಹೂಳಿ, ಮೇಲೆ ಬಿಳಿ ಬಟ್ಟೆ ಹೊದಿಸಿ. ಇಲ್ಲವಾದರೆ ಬಿಸಿಲಿಗೆ ಸುತ್ತಲ ಮಂಜು ಕರಗಿ ಸಂವೇದಕ ವಾಲುತ್ತದೆ. ಮೇಲ್ಮೈ ತೊರೆ, ನೀರು ಧುಮುಕುವ ಬಿಲಗಳಿಂದ ದೂರ ಇಡಿ.