ಅಪ್‌ಡೇಟ್: ಪ್ರಬಂಧದ ಮೊದಲ ಸಾಲು ಕೊನೆಗೂ ಸಿಕ್ಕಿತು

ಪ್ರಬಂಧ ಎಷ್ಟು ಓದಿದರೂ ಬರೆಯಲು ಕೂತರೆ ಮೊದಲ ಸಾಲೇ ಹುಟ್ಟುವುದಿಲ್ಲ ಎಂದು ಕೇಳಿದ್ದೆನಲ್ಲ, ಮಡಿಕೇರಿಯ ಡಿಗ್ರಿ ಹುಡುಗಿ? ‘ಪೀಠಿಕೆ ಬಿಡಿ, ಕಂಡದ್ದರಿಂದ ಶುರು ಮಾಡಿ’ ಎಂದಿದ್ದಿರಿ.

ಮಾಡಿದೆ. ‘ಕೊಡಗಿನ ಪ್ರಕೃತಿ ಸೌಂದರ್ಯ’ ಎಂದು ಬರೆದಿದ್ದ ಎರಡು ಪುಟ ಹರಿದು ಹಾಕಿ, ತೋಟದ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಗ್ಗೆ ಬರೆದೆ. ಮಳೆ ಬಿದ್ದು 8–10 ದಿನಕ್ಕೆ ಕಾಫಿ ಗಿಡವೆಲ್ಲ ಬಿಳಿ. ಆ ಮಳೆಗೆ ಮೊದಲು ಅಪ್ಪ ಸುಮ್ನೆ ಆಕಾಶ ನೋಡುತ್ತಿರುತ್ತಾರೆ, ಯಾರ ಜೊತೆಗೂ ಜಾಸ್ತಿ ಮಾತಿಲ್ಲ. ಬರೆಯುತ್ತಾ ಹೂವು ಹಿಂದೆ ಸರಿದು ಅಪ್ಪನೇ ಪುಟ ತುಂಬಿಬಿಟ್ಟರು!

1580ರಲ್ಲಿ ಫ್ರೆಂಚ್ ಪ್ರಬಂಧಕಾರ ಮೊಂತೇನ್ ತನ್ನ ಬರಹಗಳಿಗೆ ಇಟ್ಟ ‘ಎಸ್ಸೆ’ (Essais) ಎಂಬ ಹೆಸರಿಗೆ ‘ಪ್ರಯತ್ನಗಳು’ ಎಂದೇ ಅರ್ಥ. ಅದು ತಿಳಿದು ಧೈರ್ಯ ಬಂತು.

ಈಗ ಓದುವಾಗ, ಬರೆದವರು ಎಲ್ಲಿ ವಿಷಯ ಬಿಟ್ಟು ಅಲೆದು ಮರಳುತ್ತಾರೆ ಎಂದು ಪೆನ್ಸಿಲ್ ಗುರುತು ಹಾಕುತ್ತೇನೆ. ನನ್ನ ಕೊನೆ ಸಾಲು ಮಾತ್ರ ಇನ್ನೂ ಭಾಷಣದ ಥರ ಇದೆ. ಅಪ್ಪನಿಗೆ ತೋರಿಸಿಲ್ಲ.